ತೊರವಿ: ಅರ್ಧ ದಿನಕ್ಕೆ ಸಾಕು, ಮಧ್ಯಾಹ್ನ ಮಾತ್ರ ಬೇಡ

ತೊರವಿಗೆ ಹೋಗಿ ಬಂದು "ಏನೈತ್ರಿ ಅಲ್ಲಿ, ನಾಕ ಗೋಡಿ" ಅನ್ನುವವರಲ್ಲಿ ಹೆಚ್ಚಿನವರು ಹನ್ನೆರಡರ ಬಿಸಿಲಿಗೆ ಹೋದವರು. ಗೋಳಗುಮ್ಮಟ ಆಯಿತು, ಇಬ್ರಾಹಿಂ ರೋಜಾ ಆಯಿತು, ಊಟಕ್ಕೆ ಇನ್ನೂ ಹೊತ್ತಿದೆ ಅಂತ ಆಟೋ ತಿರುಗಿಸಿದವರು. ಆ ಹೊತ್ತಿಗೆ ಅಲ್ಲಿನ ಹಾಳು ಅರಮನೆ ಸಂಗೀತ ಮಹಲಿನ ಕರಿಕಲ್ಲು ಕಾದಿರುತ್ತದೆ, ನೆರಳು ಗೋಡೆಯ ಬುಡಕ್ಕೆ ಸರಿದಿರುತ್ತದೆ, ಗಚ್ಚಿನ (ಸುಣ್ಣದ ಗಾರೆಯ) ಕೆಲಸದ ಒಂದು ಗೆರೆಯೂ ಎದ್ದು ಕಾಣುವುದಿಲ್ಲ. ಹತ್ತು ನಿಮಿಷದಲ್ಲಿ ಎಲ್ಲರೂ ನೀರಿನ ಬಾಟಲಿ ಹುಡುಕುತ್ತಾರೆ, ಬಾಟಲಿ ಸಿಗುವುದಿಲ್ಲ. ಮುಂಜಾನೆ ಏಳಕ್ಕೆ ಹೋದವರು ಇದೇ ಜಾಗದ ಬಗ್ಗೆ ಬೇರೆಯದೇ ಮಾತು ಆಡುತ್ತಾರೆ.

ವಿಜಯಪುರದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್, ಅಥಣಿ ರಸ್ತೆಯಲ್ಲಿ ತೊರವಿ ಇದೆ. ಹಳೇ ಊರು, ಹೊಸ ಲೇಔಟುಗಳು, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕ್ಯಾಂಪಸ್, ಜೋಳದ ಹೊಲ, ಅದರ ನಡುವೆ ಇಬ್ರಾಹಿಂ ಆದಿಲ್ ಶಾಹನ ಮುಗಿಯದ ರಾಜಧಾನಿ. ಎಲ್ಲವೂ ಒಂದರ ಮೈಮೇಲೊಂದು ಬಂದು ಕೂತಿವೆ. ಪ್ರವಾಸಿ ತಾಣ ಅಂತ ಒಪ್ಪವಾಗಿ ಕಟ್ಟಿಕೊಟ್ಟದ್ದು ಇಲ್ಲಿ ಏನೂ ಇಲ್ಲ. ನೋಡಲು ಮಾತ್ರ ತುಂಬ ಇದೆ, ಆದರೆ ನೀರಿನ ಜಾಡು ಹಿಡಿದು ನೋಡಬೇಕು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ಹೋಗುವ ದಾರಿ. ರೈಲಿನಲ್ಲಿ ಬಂದವರಿಗೆ ಇದು ಊರಿನ ಆ ತುದಿ. ನಿಲ್ದಾಣ ಪೂರ್ವಕ್ಕೆ, ಗೋಳಗುಮ್ಮಟದ ಮಗ್ಗುಲಿಗೆ ಇದೆ. ತೊರವಿ ಪಶ್ಚಿಮಕ್ಕೆ. ಇಡೀ ಊರು ದಾಟಬೇಕು. ಆದ್ದರಿಂದ ನಿಲ್ದಾಣದಿಂದಲೇ ತೊರವಿಗೆ ಆಟೋ ಕೇಳಿದರೆ ದೊಡ್ಡ ಮೊತ್ತ ಕೇಳುತ್ತಾರೆ, ಕೇಳುವುದು ಸಹಜವೂ ಹೌದು, ಬರುವಾಗ ಖಾಲಿ ಬರಬೇಕಲ್ಲ. ಸೆಂಟ್ರಲ್ ಬಸ್ ಸ್ಟ್ಯಾಂಡಿಗೆ ಬಂದು ಅಲ್ಲಿಂದ ಸಿಟಿ ಬಸ್ ಹಿಡಿಯುವುದು ಅಗ್ಗ. ಅಥಣಿ ಕಡೆ ಹೋಗುವ ಬಸ್ಸುಗಳೂ ಇದೇ ರಸ್ತೆಯಲ್ಲಿ ಹೋಗುತ್ತವೆ, ಆದರೆ ತೊರವಿಯಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಅನ್ನುವುದನ್ನು ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಹತ್ತಿ ಕೂತ ಮೇಲೆ ಕೇಳಿದರೆ ಸೀದಾ ತಿಕೋಟಾದಲ್ಲಿ ಇಳಿಯುವ ಪಾಳಿ ಬರಬಹುದು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು ಅಷ್ಟೆ. ಮೀರಜ, ಸಾಂಗ್ಲಿ ಅಂತ ಬೋರ್ಡು ಹಾಕಿದ ಮಹಾರಾಷ್ಟ್ರದ ಗಾಡಿ ಹತ್ತಿ ಆಧಾರ್ ತೋರಿಸಿದರೆ ನಡೆಯುವುದಿಲ್ಲ. ಗಡಿಬಿಡಿಯಲ್ಲಿ ಇದು ಎಷ್ಟೋ ಜನರಿಗೆ ಆಗುತ್ತದೆ.

ಆಟೋ ಮಾಡಿದರೆ ಹೋಗಿಬರುವುದಕ್ಕೆ ಸೇರಿಸಿ ಮಾತಾಡಿ. ತೊರವಿಯಿಂದ ವಾಪಸ್ ಖಾಲಿ ಆಟೋ ಸಿಗುವುದು ಅಪರೂಪ. ಕೇಳುವ ರೀತಿಯೂ ಮುಖ್ಯ. ಬರೀ "ತೊರವಿ" ಅಂದರೆ ವಿಶ್ವವಿದ್ಯಾಲಯದ ಗೇಟಿಗೆ ಬಿಡುತ್ತಾರೆ. ಚಾಲಕರ ಮಟ್ಟಿಗೆ ತೊರವಿ ಅಂದರೆ ಯೂನಿವರ್ಸಿಟಿ, ದಿನಾ ಅವರು ಕರೆದೊಯ್ಯುವುದು ಅಲ್ಲಿಗೇ. "ಅಣ್ಣಾರ, ತೊರವಿ ಊರಾಗ ನರಸಿಂಹ ದೇವರ ಗುಡಿ ಹತ್ರ ಬಿಡ್ರಿ, ಆಮ್ಯಾಲೆ ಸಂಗೀತ ಮಹಲಿಗೆ ಹೋಗೂದೈತಿ, ಎರಡ ತಾಸು ನಿಂದರ್ತೀರೇನು?" ಎಂದು ಪೂರ್ತಿ ಹೇಳಿ, ದುಡ್ಡು ಅಲ್ಲಿಯೇ ಖಚಿತವಾಗಿ ಮಾತಾಡಿ ಹತ್ತಿ. ನಿಲ್ಲುವ ಹೊತ್ತಿಗೆ ಬೇರೆ ದುಡ್ಡು ಅನ್ನುವ ಜಗಳ ಇದರಿಂದ ತಪ್ಪುತ್ತದೆ. ಟಾಂಗಾ ಚಂದ, ಆದರೆ ಅದು ಕೋಟೆ ಒಳಗಿನ ಓಡಾಟಕ್ಕೆ. ಇಷ್ಟು ದೂರ ಕುದುರೆಯನ್ನು ಓಡಿಸಬೇಡಿ.

ಸ್ವಂತ ಬೈಕಿದ್ದರೆ ಎಲ್ಲಕ್ಕಿಂತ ಅನುಕೂಲ, ಎರಡು ಎಚ್ಚರಿಕೆಯೊಂದಿಗೆ. ಒಂದು, ಬಳ್ಳಾರಿ ಜಾಲಿ. ಹಾಳುಬಿದ್ದ ಗೋಡೆಗಳ ಸುತ್ತ ಈ ಜಾಲಿ ದಟ್ಟವಾಗಿ ಬೆಳೆದಿದೆ, ಕಡಿದ ಟೊಂಗೆಗಳನ್ನು ದಾರಿ ಬದಿಗೇ ಎಸೆದಿರುತ್ತಾರೆ, ಒಣಗಿದ ಮುಳ್ಳು ಟೈರಿನೊಳಗೆ ನೆಟ್ಟಗೆ ಇಳಿಯುತ್ತದೆ. ಟ್ಯೂಬ್‌ಲೆಸ್ ಟೈರಾದರೆ ಮುಳ್ಳು ಕೀಳದೆ ಹಾಗೇ ಊರಿಗೆ ಓಡಿಸಿ ತಂದು ಪಂಕ್ಚರ್ ಹಾಕಿಸಿ. ಕಿತ್ತರೆ ಗಾಳಿ ಅಲ್ಲಿಯೇ ಹೋಗುತ್ತದೆ. ಚಪ್ಪಲಿಗೂ ಇದೇ ಮಾತು, ತೆಳ್ಳಗಿನ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಇನ್ನೊಂದು ಎರೆಮಣ್ಣು. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದು ಜೋರು ಮಳೆ ಬಿದ್ದರೂ ಡಾಂಬರು ಬಿಟ್ಟು ಕಾಲ್ದಾರಿಗೆ ಗಾಡಿ ಇಳಿಸಬಾರದು. ಹತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಚಕ್ರ ತಿರುಗುವುದೇ ನಿಲ್ಲುತ್ತದೆ. ನೀರು ಹಾಕಿದರೆ ಇನ್ನಷ್ಟು ಅಂಟುತ್ತದೆ. ಕಡ್ಡಿಯಿಂದ ಕೆರೆದು ತೆಗೆಯುವುದೊಂದೇ ಉಪಾಯ.

ಹೋಗುವ ತಿಂಗಳು ನವೆಂಬರ್‌ನಿಂದ ಫೆಬ್ರವರಿ. ಎಳ್ಳಮಾಸಿಯಿಂದ ಸಂಕ್ರಾಂತಿವರೆಗೆ ಹಿಂಗಾರಿ ಬಿಳಿಜೋಳ ನಿಂತಿರುತ್ತದೆ, ಪರಿಚಯದವರ ಹೊಲವಿದ್ದರೆ ಸೀತನಿ (ಸುಟ್ಟ ಎಳೆ ಜೋಳ) ತಿನ್ನುವ ಕಾಲವೂ ಅದೇ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ಸಾಮಾನ್ಯ, ಒಂಬತ್ತರೊಳಗೆ ಎಲ್ಲ ಮುಗಿಸಿಕೊಂಡು ವಾಪಸ್ಸಾಗುವುದಾದರೆ ಮಾತ್ರ ಹೊರಡಿ.

ನೋಡುವ ಕ್ರಮ ಹೀಗಿದ್ದರೆ ಒಳ್ಳೆಯದು: ಮೊದಲು ತುದಿಗೆ ಹೋಗಿ, ಆಮೇಲೆ ಊರ ಕಡೆ ಬರುತ್ತಾ ನೋಡುವುದು. ಏಳಕ್ಕೆ ನರಸಿಂಹ ಗುಡಿ, ಏಳೂವರೆಗೆ ಸಂಗೀತ ಮಹಲು, ಒಂಬತ್ತಕ್ಕೆ ಹಳೇ ನೀರಿನ ಸುರಂಗದ ಸುರಂಗ ಬಾವಡಿ, ಕೊನೆಗೆ ಇಬ್ರಾಹಿಂ ರೋಜಾ. ರೋಜಾದಲ್ಲಿ ನೆರಳಿದೆ, ಹಸಿರಿದೆ, ಹತ್ತು ಗಂಟೆಯ ಬಿಸಿಲಿಗೆ ಅದು ತಡೆಯುತ್ತದೆ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ, ತಂಪು ಹೊತ್ತನ್ನು ನೆರಳಿರುವ ಜಾಗದಲ್ಲಿ ಕಳೆದು, ಬಿಸಿಲೇರಿದ ಮೇಲೆ ಬಯಲಿಗೆ ಹೋಗುತ್ತಾರೆ. ನೀರಿನ ಜಾಡಿಗೂ ಇದೇ ಕ್ರಮ ಹೊಂದುತ್ತದೆ. ನೀರು ಹರಿದದ್ದು ತೊರವಿಯಿಂದ ಊರಿಗೆ.

ನರಸಿಂಹ ಗುಡಿ ನೆಲಮಟ್ಟಕ್ಕಿಂತ ಕೆಳಗಿದೆ. ಮೆಟ್ಟಿಲಿಳಿದು ಹೋಗಬೇಕು, ಒಳಗೆ ತಲೆ ಬಗ್ಗಿಸಿ ನಡೆಯಬೇಕು. ಮೊಣಕಾಲು ನೋವಿನ ಹಿರಿಯರಿದ್ದರೆ ಒಬ್ಬರು ಮುಂದೆ, ಒಬ್ಬರು ಹಿಂದೆ ಇರಿ. ಹೊರಗಿನ ಬೆಳಕಿನಿಂದ ಒಮ್ಮೆಲೇ ಇಳಿದಾಗ ಕಣ್ಣು ಹೊಂದಿಕೊಳ್ಳಲು ಅರೆ ನಿಮಿಷ ಬೇಕಾಗುತ್ತದೆ, ಮೊದಲ ಮೆಟ್ಟಿಲಲ್ಲೇ ನಿಂತು ಆ ಅರೆ ನಿಮಿಷ ಕೊಡಿ. ಎಡವುವುದು ಅಲ್ಲಿಯೇ. ವೈಶಾಖದ ನರಸಿಂಹ ಜಯಂತಿಗೆ ಕಾಲಿಡಲು ಜಾಗ ಇರುವುದಿಲ್ಲ, ಶಾಂತವಾಗಿ ನೋಡಬೇಕೆನ್ನುವವರು ಆ ದಿನ ಬಿಟ್ಟು ಬನ್ನಿ. ಕನ್ನಡ ಓದಿದವರಿಗೆ ಈ ಗುಡಿ ಬೇರೆ ಕಾರಣಕ್ಕೂ ಗೊತ್ತಿರಬೇಕು. ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ಬರೆದ ತೊರವೆ ರಾಮಾಯಣಕ್ಕೆ ಹೆಸರು ಬಂದದ್ದು ಈ ಊರಿನಿಂದ, ಅವನ ಅಂಕಿತ ಈ ನರಸಿಂಹನದೇ. ಗಮಕ ಕೇಳಿ ಬೆಳೆದ ಮನೆಗಳಲ್ಲಿ ತೊರವೆ ಅನ್ನುವ ಹೆಸರು ನಾಲಿಗೆ ಮೇಲಿದೆ, ಊರು ಎಲ್ಲಿದೆ ಅಂತ ಮಾತ್ರ ಬಹಳ ಜನಕ್ಕೆ ತಿಳಿಯದು. ಗುಡಿಯ ಹತ್ತಿರ ಅದನ್ನು ಹೇಳುವ ಒಂದು ಒಳ್ಳೇ ಫಲಕ, ನಾಲ್ಕು ಷಟ್ಪದಿ ಕೆತ್ತಿದ ಒಂದು ಕಲ್ಲು ಇದ್ದರೆ ಏನು ಖರ್ಚಾಗುತ್ತಿತ್ತು?

ಇನ್ನು ಸಂಗೀತ ಮಹಲು. ಎರಡನೇ ಇಬ್ರಾಹಿಂ ಆದಿಲ್ ಶಾಹ (ಆಳಿದ್ದು 1580ರಿಂದ 1627) ಇಲ್ಲಿ ನವರಸಪುರ ಅನ್ನುವ ಹೊಸ ನಗರ ಕಟ್ಟಲು ಶುರು ಮಾಡಿದ್ದು 1599ರಲ್ಲಿ. ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಮುದ್ದು ಮಾಡಿದ, ಸರಸ್ವತಿಯ ಮೇಲೆ ಪದ ಕಟ್ಟಿದ, ಜನ ಜಗದ್ಗುರು ಅಂತ ಕರೆದ ದೊರೆ ಅವನು. ನಗರದ ಗೋಡೆ ಪೂರ್ತಿಯಾಗುವ ಮೊದಲೇ 1624ರಲ್ಲಿ ಅಹ್ಮದನಗರದ ದಂಡನಾಯಕ ಮಲಿಕ್ ಅಂಬರ್ ಬಂದು ಲೂಟಿ ಮಾಡಿದ. ಆಮೇಲೆ ಅದು ಮೇಲೇಳಲಿಲ್ಲ. ಇವತ್ತು ಹೊಲಗಳ ನಡುವೆ ಅಲ್ಲಲ್ಲಿ ಕಾಣುವ ಕೋಟೆಗೋಡೆಯ ತುಂಡುಗಳನ್ನು ಬಿದ್ದುಹೋದ ಕೋಟೆ ಅಂದುಕೊಳ್ಳಬೇಡಿ. ಅರ್ಧಕ್ಕೇ ನಿಲ್ಲಿಸಿದ ಕೆಲಸವೂ ಅದರಲ್ಲಿದೆ. ಬಿದ್ದ ಗೋಡೆಯ ಬುಡದಲ್ಲಿ ಕಲ್ಲಿನ ರಾಶಿ ಇರುತ್ತದೆ, ಕಟ್ಟದೇ ಬಿಟ್ಟ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಕೊನೆಗೊಳ್ಳುತ್ತದೆ, ಬುಡ ಬೋಳಾಗಿರುತ್ತದೆ. ಊರವರು ಕಲ್ಲು ಹೊತ್ತೊಯ್ದ ಜಾಗಗಳೂ ಉಂಟು, ಆದ್ದರಿಂದ ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ.

ಮಹಲಿನ ಮುಖ ನೋಡಿದ ಕೂಡಲೇ ಕೋಟೆಯೊಳಗಿನ ಗಗನ ಮಹಲ್ ನೆನಪಾಗುತ್ತದೆ. ನಡುವೆ ಅಗಲವಾದ ದೊಡ್ಡ ಕಮಾನು, ಎರಡೂ ಮಗ್ಗುಲಿಗೆ ಸಪೂರಾದ ಉದ್ದ ಕಮಾನು. ಗಗನ ಮಹಲ್ 1561ರದು, ಮೊದಲನೇ ಅಲಿ ಆದಿಲ್ ಶಾಹನ ಕಾಲದ್ದು. ಹಾಗಾಗಿ ಎರಡನ್ನೂ ಒಂದೇ ದಿನ ನೋಡಿದರೆ ಒಳ್ಳೆಯದು. ಊರೊಳಗಿನದರ ಮುಂದೆ ಗದ್ದಲ, ಉದ್ಯಾನ, ಮಕ್ಕಳ ಆಟ. ಇಲ್ಲಿ ಸುತ್ತ ಎತ್ತರದ ಗೋಡೆ, ಒಳಗೆ ಸದ್ದಿಲ್ಲ, ಕಮಾನಿನ ಅಳತೆ ಕಣ್ಣಿಗೆ ಕೂರಲು ಅಡ್ಡಿಯಿಲ್ಲ. ನಮ್ಮನ್ನು ಕೇಳಿದರೆ ಕಮಾನು ನೋಡಲು ಇದೇ ಮೇಲು.

ಒಳಗೆ ಹೋದವರು ಮೊದಲು ಮಾಡುವ ಕೆಲಸ ಚಪ್ಪಾಳೆ ತಟ್ಟುವುದು. ಹೆಸರಲ್ಲಿ ಸಂಗೀತ ಇದೆ, ಗೋಳಗುಮ್ಮಟದಲ್ಲಿ ಪಿಸುಮಾತು ಕೇಳಿ ಬಂದಿರುತ್ತಾರೆ, ಇಲ್ಲಿಯೂ ಏಳು ಸಲ ಕೇಳಬೇಕು ಅಂತ ಆಸೆ. ಕೇಳುವುದಿಲ್ಲ. ಗೋಳಗುಮ್ಮಟದಲ್ಲಿ ದನಿ ತಿರುಗಿ ಬರುವುದು ತಲೆ ಮೇಲೆ ಮುಚ್ಚಿದ ಗುಮ್ಮಟ ಇರುವುದರಿಂದ, ಅದರ ದುಂಡು ಗೋಡೆ ದನಿಯನ್ನು ಹೊರಗೆ ಬಿಡದೆ ಸುತ್ತಿಸುವುದರಿಂದ. ಇಲ್ಲಿ ಮಾಳಿಗೆ ಹೋಗಿ ಕಾಲವಾಗಿದೆ, ದನಿ ಮೇಲಕ್ಕೇ ಹೋಗುತ್ತದೆ. ಆದಿಲ್ ಶಾಹಿ ಅರಮನೆಗಳಲ್ಲಿ ಕಮಾನು ಕಲ್ಲು ಮತ್ತು ಗಚ್ಚಿನದು, ಅಂತಸ್ತು, ಮಾಳಿಗೆ, ಕಂಬಗಳಲ್ಲಿ ಕಟ್ಟಿಗೆ ಹೇರಳ. ಕಟ್ಟಿಗೆ ಮೊದಲು ಹೋಗುತ್ತದೆ, ಸುಟ್ಟೋ, ಹುಳ ತಿಂದೋ, ಕದ್ದೋ. ಗೋಡೆಯಲ್ಲಿ ಸಾಲಾಗಿ ಚೌಕ ಗೂಡುಗಳು ಕಂಡರೆ ಅಲ್ಲಿ ತೊಲೆ ಕೂತಿತ್ತು, ಆ ಮಟ್ಟದಲ್ಲಿ ಒಂದು ನೆಲ ಇತ್ತು ಅಂತ ತಿಳಿಯಬಹುದು. ಹಾಗೆ ಒಂದೊಂದೇ ಅಂತಸ್ತನ್ನು ಮನಸ್ಸಿನಲ್ಲಿ ಕೂರಿಸುತ್ತಾ ಹೋದರೆ "ನಾಕ ಗೋಡಿ" ಅರಮನೆಯಾಗುತ್ತದೆ.

ಗಚ್ಚನ್ನು ಹತ್ತಿರದಿಂದ ನೋಡಲು ಬೆಳಗಿನ ಓರೆ ಬೆಳಕು ಬೇಕು. ಕಮಾನಿನ ಅಂಚಿನಲ್ಲಿ ಗಚ್ಚು ಕಿತ್ತುಹೋದ ಕಡೆ ನಿಂತರೆ ಮೂರು ಪದರ ಬೇರೆ ಬೇರೆ ಕಾಣುತ್ತವೆ: ಒಳಗೆ ಒಡ್ಡೊಡ್ಡಾದ ಕರಿಕಲ್ಲು, ಅದರ ಮೇಲೆ ದಪ್ಪ ಮರಳಿನ ಸುಣ್ಣದ ಗಾರೆ, ಕೊಟ್ಟಕೊನೆಗೆ ಉಗುರಿನಷ್ಟು ತೆಳ್ಳಗಿನ ನುಣುಪು ಪದರ. ನುಣುಪು ಪದರದ ಮೇಲೆಯೇ ನಕ್ಷೆ. ಸಿಮೆಂಟು ಹಾಕಿ ತೇಪೆ ಹಚ್ಚಿದ ಜಾಗ ಇದ್ದರೆ ಅದೂ ಕೂಡಲೇ ಗೊತ್ತಾಗುತ್ತದೆ, ಬಣ್ಣ ಬೂದಿ, ಅಂಚಿನಲ್ಲಿ ಬಿರುಕು. ಸುಣ್ಣದ ಗಾರೆ ತೇವವನ್ನು ಹೀರಿ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ, ಒಳಗೆ ಸಿಕ್ಕಿಕೊಂಡ ನೀರು ಪಕ್ಕದ ಹಳೇ ಗಾರೆಯನ್ನು ಸಡಿಲ ಮಾಡುತ್ತದೆ. ಕೈಯಿಂದ ಮುಟ್ಟಿ ನೋಡಬೇಡಿ. ಸಡಿಲಾದ ಗಚ್ಚು ಬೆರಳು ತಾಗಿದರೂ ಪುಡಿಯಾಗುತ್ತದೆ.

ಟಿಕೆಟ್ ಇಲ್ಲ. ಸಂರಕ್ಷಿತ ಸ್ಮಾರಕ, ಮೊಬೈಲ್ ಫೋಟೋಕ್ಕೆ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್ ನಿಲ್ಲಿಸಿದರೆ ಪುರಾತತ್ವ ಇಲಾಖೆಯ ಅನುಮತಿ ಕೇಳುತ್ತಾರೆ, ಮದುವೆ ಮುಂಚಿನ ಫೋಟೋ ತೆಗೆಸುವವರು ಇದನ್ನು ಮರೆತು ಸೀರೆ, ಸೂಟು, ಬಲೂನು ಎಲ್ಲ ಹೊತ್ತು ತಂದು ವಾಪಸ್ ಹೋಗುವುದುಂಟು. ಮೊಬೈಲಿನಲ್ಲಿ ಕಮಾನು ಪೂರ್ತಿ ಹಿಡಿಯಲು ಹತ್ತಿರ ನಿಂತು ವೈಡ್ ಲೆನ್ಸ್ ಹಾಕಿದರೆ ಪಕ್ಕದ ಗೋಡೆಗಳು ಒಳಕ್ಕೆ ಬಾಗಿದಂತೆ ಬರುತ್ತವೆ. ಹಿಂದೆ ಸರಿಯಲು ಬೇಕಾದಷ್ಟು ಅಂಗಳವಿದೆ, ಸರಿದು ಮಾಮೂಲಿ ಲೆನ್ಸಿನಲ್ಲೇ ತೆಗೆಯಿರಿ. ಹಾಳಾದ ಮೆಟ್ಟಿಲುಗಳನ್ನು ಹತ್ತುವ ಸಾಹಸ ಬೇಡ. ಕೈಗೋಡೆ ಇಲ್ಲ, ಮೇಲಿನ ಕಲ್ಲುಗಳು ಗಾರೆ ಬಿಟ್ಟು ಬರಿದೇ ಕೂತಿವೆ. ಪೊದೆಗಳಿರುವ ಕಡೆ ಹಾವಿನ ಭಯವೂ ಇದೆ, ಮಳೆಗಾಲದ ನಂತರ ಹೆಚ್ಚು.

ಈಗ ನೀರು. ವಿಜಯಪುರದಂಥ ಒಣ ಊರಿನಲ್ಲಿ ಆದಿಲ್ ಶಾಹಿಗಳ ದೊಡ್ಡ ಸಾಧನೆ ಯಾವುದು ಅಂದರೆ ಗುಮ್ಮಟ ಅನ್ನುವವರೇ ಎಲ್ಲ. ಆ ಗುಮ್ಮಟ ಕಟ್ಟಿದ ಜನರಿಗೆ ಕುಡಿಯಲು ನೀರು ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ತೊರವಿಯಲ್ಲಿದೆ. ಪಶ್ಚಿಮದ ಈ ಎತ್ತರದ ಕಡೆಯಿಂದ ನೆಲದಡಿಯ ಸುರಂಗ ಕಾಲುವೆಯಲ್ಲಿ ನೀರು ಊರಿಗೆ ಇಳಿದು ಬರುತ್ತಿತ್ತು. ದಕ್ಷಿಣದಿಂದ ಬರುವ ಇನ್ನೊಂದು ಮೂಲ ಬೇಗಂ ತಲಾಬ್, ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಕೆರೆ, ಅದರಿಂದ ನೀರು ಬಂದದ್ದು ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಯಲ್ಲಿ.

ತೊರವಿ ಕಡೆಯ ವ್ಯವಸ್ಥೆಗೆ ಕರೇಜ್ ಅನ್ನುತ್ತಾರೆ, ಬೀದರಿನಲ್ಲಿ ಇರುವುದೂ ಇದೇ ಜಾತಿ. ಕೆಲಸ ನಡೆಯುವ ರೀತಿ ಸರಳ, ತೋಡುವುದು ಮಾತ್ರ ಕಷ್ಟ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರ ಕಡೆಗೆ ನೆಲದಡಿ ಸುರಂಗ ಕೊರೆಯುತ್ತಾ ಬರುತ್ತಾರೆ, ಇಳಿಜಾರು ತೀರಾ ಕಡಿಮೆ. ಇಳಿಜಾರು ಹೆಚ್ಚಾದರೆ ನೀರು ರಭಸಕ್ಕೆ ಸುರಂಗದ ನೆಲ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿಂದ ನೆಟ್ಟಗೆ ಬಾವಿಯಂಥ ಕಿಂಡಿಗಳು. ತೋಡುವಾಗ ಮಣ್ಣು ಮೇಲೆತ್ತಿದ್ದು ಅವುಗಳಿಂದ, ಕೆಲಸದವರಿಗೆ ಗಾಳಿ ಬಂದದ್ದು ಅವುಗಳಿಂದ, ಆಮೇಲೆ ಹೂಳು ತೆಗೆದದ್ದೂ ನೀರು ಸೇದಿದ್ದೂ ಅವುಗಳಿಂದಲೇ. ಪಂಪಿಲ್ಲ, ಎತ್ತಿಲ್ಲ, ಬಿಸಿಲಿಗೆ ನೀರು ಆರುವುದೂ ಇಲ್ಲ. ಮುತ್ತಿಗೆ ಹಾಕಿದ ವೈರಿಗೆ ಕಾಲುವೆ ಎಲ್ಲಿದೆ ಅಂತ ಹುಡುಕುವುದೂ ಸುಲಭವಲ್ಲ.

ನಗರ ಸೇರಿದ ಮೇಲೆ ಗಂಜ್ ಬರುತ್ತವೆ. ಊರೊಳಗೆ ಅಲ್ಲಲ್ಲಿ ಒಂಟಿಯಾಗಿ ನಿಂತ ಚೌಕ ಗೋಪುರಗಳನ್ನು ನೋಡಿರುತ್ತೀರಿ, ಯಾವುದೋ ಗೋರಿ ಅಂದುಕೊಂಡು ದಾಟಿರುತ್ತೀರಿ. ಅವು ನೀರಿನ ಗೋಪುರ. ಕೊಳವೆಯಲ್ಲಿ ಬಂದ ನೀರು ಒತ್ತಡಕ್ಕೆ ಗೋಪುರದೊಳಗೆ ಮೇಲೇರುತ್ತದೆ, ಅಲ್ಲಿ ರಭಸ ಕಳೆದುಕೊಳ್ಳುತ್ತದೆ, ಹೂಳು ಕೆಳಗೆ ಕೂರುತ್ತದೆ, ತಿಳಿನೀರು ಮುಂದಿನ ಕೊಳವೆಗೆ ಇಳಿಯುತ್ತದೆ. ಇವು ಇಲ್ಲದಿದ್ದರೆ ಮಣ್ಣಿನ ಕೊಳವೆ ಒತ್ತಡಕ್ಕೆ ಒಡೆಯುತ್ತಿತ್ತು, ಎಲ್ಲಿ ಒಡೆಯಿತು ಅಂತ ನೆಲ ಅಗೆದು ಹುಡುಕಬೇಕಾಗುತ್ತಿತ್ತು. ತೊರವಿಯಿಂದ ವಾಪಸ್ ಬರುವಾಗ ಇವುಗಳನ್ನು ಎಣಿಸುತ್ತಾ ಬನ್ನಿ, ಊರಿನ ನಕ್ಷೆಯೇ ಬೇರೆ ಕಾಣುತ್ತದೆ.

ಈ ಕರೇಜಿನ ಭಾಗವೇ ಆದ ಸುರಂಗ ಬಾವಡಿ ನೋಡುವುದು ಸ್ವಲ್ಪ ನಿರಾಸೆಯ ಕೆಲಸ ಅಂತ ಮೊದಲೇ ಹೇಳಬೇಕು. 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಜಗತ್ತಿನ 25 ತಾಣಗಳನ್ನು ಆರಿಸಿದಾಗ ಅದರಲ್ಲಿ ಇದೂ ಒಂದು. ಪೇಪರಿನಲ್ಲಿ ಅದನ್ನು ಓದಿ ಬಂದವರು ದೊಡ್ಡ ಕಮಾನು, ದೀಪ, ಗೈಡು ಅಂತ ಎಣಿಸಿ ಬರುತ್ತಾರೆ. ಇರುವುದು ನೆಲದಲ್ಲಿ ತೂತುಗಳ ಒಂದು ಸಾಲು, ಇಳಿಯಲು ಆಗದ ಕತ್ತಲು, ಕಸ. ಆದರೆ ನೋಡುವ ಉಪಾಯ ಇದೆ. ಒಂದು ಕಿಂಡಿಯ ಹತ್ತಿರ ನಿಂತು ಮುಂದಿನ ಕಿಂಡಿ ಎಲ್ಲಿದೆ ಅಂತ ಕಣ್ಣಾಡಿಸಿ. ಎರಡು ಸಿಕ್ಕರೆ ಗೆರೆ ಸಿಕ್ಕಿತು, ಗೆರೆ ಸಿಕ್ಕರೆ ಮೂರನೆಯದು ಎಲ್ಲಿರಬೇಕು ಅಂತ ಅಂದಾಜಾಗುತ್ತದೆ. ಜಾಲಿ ಪೊದೆಯೊಳಗೋ ಯಾರದೋ ಕಾಂಪೌಂಡಿನ ಮಗ್ಗುಲಿಗೋ ಅದು ಇದ್ದೇ ಇರುತ್ತದೆ. ಜೋರಾದ ಟಾರ್ಚ್ ಒಯ್ಯಿರಿ, ಮೊಬೈಲಿನದು ಆಳಕ್ಕೆ ಮುಟ್ಟುವುದಿಲ್ಲ. ಮಕ್ಕಳ ಕೈ ಬಿಡಬೇಡಿ, ಎಲ್ಲ ಕಿಂಡಿಗೂ ಕಟ್ಟೆ ಇಲ್ಲ. ಸುರಂಗದೊಳಗೆ ಇಳಿಯಲೇಬೇಡಿ. ಬಾವಲಿ, ಹೂಳು, ಕೆಸರು ಇರಲಿ, ಗಾಳಿಯಾಡದ ಜಾಗದಲ್ಲಿ ಉಸಿರು ಕಟ್ಟುವುದು ಗೊತ್ತಾಗುವ ಮೊದಲೇ ತಲೆ ಸುತ್ತಿ ಬೀಳುತ್ತಾರೆ.

ಇವತ್ತು ನಗರಕ್ಕೆ ನೀರು ಬರುವುದು ಕೃಷ್ಣೆಯಿಂದ, ಕೊಲ್ಹಾರದ ಕಡೆಯಿಂದ, ಪಂಪು ಹಾಕಿ. ತೊರವಿಯ ಲೇಔಟುಗಳಿಗೆ ಬೋರ್‌ವೆಲ್, ಟ್ಯಾಂಕರ್. ಕರೇಜ್ ಮೇಲಿನ ನೆಲದಲ್ಲಿಯೇ ಬೋರ್ ಕೊರೆದರೆ, ಅಡಿಪಾಯ ತೋಡಿದರೆ ಸುರಂಗದ ಗತಿ ಏನು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂರು ಮೀಟರ್ ಅನುಮತಿ ಬೇಕು. ಮೇಲೆ ಕಾಣುವ ಮಹಲಿನ ಸುತ್ತ ಈ ಅಳತೆ ಹಾಕುವುದು ಸುಲಭ. ಕಿಲೋಮೀಟರುಗಟ್ಟಲೆ ಕಾಣದೆ ಹರಿಯುವ ಸುರಂಗಕ್ಕೆ ಎಲ್ಲಿಂದ ಟೇಪು ಹಿಡಿಯುವುದು? ಇಲ್ಲಿ ಸೈಟು ಕೊಳ್ಳುವ ವಿಚಾರದಲ್ಲಿ ಇರುವವರು ಕಾಗದಪತ್ರದ ಜೊತೆ ಈ ನೂರು ಮತ್ತು ಇನ್ನೂರರ ಲೆಕ್ಕವನ್ನೂ ನೋಡಿಕೊಳ್ಳಿ, ಏಜೆಂಟರು ತಾವಾಗಿ ಹೇಳುವ ಮಾತಲ್ಲ ಇದು.

ಸಮಯ ಉಳಿದಿದ್ದರೆ ಅಫಜಲಪುರ ಟಕ್ಕೆ ಕಡೆ ಸಾಠ್ ಕಬರ್ ಇದೆ. ಒಂದು ಕಟ್ಟೆಯ ಮೇಲೆ ಅರವತ್ತಕ್ಕೂ ಮಿಕ್ಕಿ ಗೋರಿಗಳು, ಸಾಲು ಸಾಲು, ಒಂದೇ ಅಳತೆಯವು. ಆದಿಲ್ ಶಾಹಿ ಸೇನಾಪತಿ ಅಫಜಲಖಾನ 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮುನ್ನ ತನ್ನ ಹೆಂಡಂದಿರನ್ನು ಕೊಲ್ಲಿಸಿದ ಅನ್ನುವುದು ಜನರ ಬಾಯಲ್ಲಿರುವ ಕಥೆ. ಕಥೆ ಏನೇ ಇರಲಿ, ಗೋರಿಯ ತಲೆ ನೋಡಿ. ಗಂಡಸರ ಗೋರಿಯ ಮೇಲೆ ನಡುವೆ ಉಬ್ಬಿದ ದಿಂಡು ಇರುತ್ತದೆ, ಹೆಂಗಸರದು ಚಪ್ಪಟೆ. ಇಲ್ಲಿನವು ಚಪ್ಪಟೆ. ದಾರಿಗೆ ಫಲಕ ಸಾಲದು, ಹೊಲದ ಬದುವಿನಲ್ಲಿ ಕೇಳಿಕೊಂಡು ಹೋಗಬೇಕು, ಒಬ್ಬಂಟಿಯಾಗಿ ಹೋಗಬೇಡಿ, ಸಂಜೆ ಮುಂದಂತೂ ಬೇಡ.

ಹೊಟ್ಟೆಪಾಡು: ತೊರವಿಯಲ್ಲಿ ಚಹಾ ಸಿಗುತ್ತದೆ, ಮಿರ್ಚಿ ಭಜಿ, ಚುರಮುರಿ ಸಿಗುತ್ತದೆ, ಅದು ಊರೊಳಗೆ ಮತ್ತು ಮೇನ್ ರೋಡಿನಲ್ಲಿ. ಸ್ಮಾರಕದ ಹತ್ತಿರ ಏನೂ ಇಲ್ಲ, ಆದ್ದರಿಂದ ತಲೆಗೊಂದು ಲೀಟರ್ ನೀರು ಊರಿಂದಲೇ ಒಯ್ಯಬೇಕು. ಊಟಕ್ಕೆ ವಾಪಸ್ ಬಂದು ಯಾವುದಾದರೂ ಖಾನಾವಳಿ ಹಿಡಿಯಿರಿ. ಹನ್ನೆರಡೂವರೆಗೆ ಮುಂಚೆ ಹೋದರೆ ಬಿಸಿರೊಟ್ಟಿ ಒಲೆಯಿಂದ ನೇರ ತಾಟಿಗೆ ಬರುತ್ತದೆ, ಒಂದೂವರೆ ನಂತರ ಬಡಿದಿಟ್ಟದ್ದು ಬರುತ್ತದೆ. ಎಣ್ಣೆಗಾಯಿ, ಮಡಿಕಿಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೆಂಪು ಖಾರ ಕೇಳಿ ಹಾಕಿಸಿಕೊಳ್ಳಿ, ಬೆಂಗಳೂರು ಕಡೆಯವರಾದರೆ ಕೇಳದೇ ಇದ್ದರೂ ನಡೆಯುತ್ತದೆ. ಶೌಚಾಲಯದ ವಿಚಾರ ಹೇಳಲೇಬೇಕು: ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರು ಊರು ಬಿಡುವ ಮೊದಲೇ ಅದನ್ನು ಮುಗಿಸಿಕೊಂಡು ಹೊರಡುವುದು ಲೇಸು. ಸಾವಿರಾರು ವಿದ್ಯಾರ್ಥಿನಿಯರು ಓದುವ ವಿಶ್ವವಿದ್ಯಾಲಯ ಇರುವ ಬಡಾವಣೆಯಲ್ಲಿ ಬಂದುಹೋಗುವ ಹೆಂಗಸರಿಗೆ ಒಂದು ಸ್ವಚ್ಛ ಸಾರ್ವಜನಿಕ ಶೌಚಾಲಯ ಬೇಕೆನ್ನುವುದು ಅತಿಯಾಸೆಯೇನಲ್ಲ.

ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೋದವರು ಅಥಣಿ ರಸ್ತೆಯಲ್ಲೇ ತಿಕೋಟಾ ಕಡೆಗೆ ಇನ್ನಷ್ಟು ಮುಂದೆ ಹೋಗಿ ಮಣೂಕದ (ಒಣದ್ರಾಕ್ಷಿಯ) ಶೆಡ್ಡುಗಳನ್ನು ನೋಡಿ ಬರಬಹುದು. ಸುತ್ತಲೂ ತೆರೆದು ಮೇಲೆ ಮಾತ್ರ ಮುಚ್ಚಿದ ಉದ್ದನೆಯ ಚಪ್ಪರ, ಒಳಗೆ ಅಂತಸ್ತು ಅಂತಸ್ತಾಗಿ ನೈಲಾನ್ ಬಲೆ. ದ್ರಾಕ್ಷಿ ಗೊನೆಗಳನ್ನು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಎರಡು ಮೂರು ನಿಮಿಷ ಅದ್ದಿ ಬಲೆ ಮೇಲೆ ಹರಡುತ್ತಾರೆ. ಹಣ್ಣಿನ ಸಿಪ್ಪೆ ಮೇಲಿನ ಮೇಣದಂಥ ಪೊರೆ ಸಡಿಲವಾಗಿ ನೀರು ಬೇಗ ಆರುತ್ತದೆ. ಎರಡು ವಾರದ ಆಚೀಚೆ ಒಣಗುತ್ತದೆ, ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಮಣೂಕ. ಮಧ್ಯೆ ಮಾರ್ಚಿನ ಅಡ್ಡಮಳೆ ಬಂತೋ, ಗಾಳಿಯ ತೇವಕ್ಕೆ ಒಣಗುವುದು ನಿಂತು ಬಣ್ಣ ಕಪ್ಪಾಗುತ್ತದೆ, ದರ ಅರ್ಧಕ್ಕೆ ಇಳಿದರೂ ಕೇಳುವವರಿಲ್ಲ. ಕೊಳ್ಳುವವರು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಸುಕಿ ಬಿಡಿ: ಉಂಡೆಯಾಗಿ ಅಂಟಿಕೊಂಡರೆ ಒಳಗೆ ನೀರು ಉಳಿದಿದೆ, ಮನೆಯಲ್ಲಿ ಹುಳಿ ಬರುತ್ತದೆ. ಬಿಡಿ ಬಿಡಿಯಾಗಿ ಉದುರಿದರೆ ಸರಿ. ಅತಿ ಹೊಳೆಯುವ ಹಳದಿ ಬಣ್ಣ ಕಂಡರೆ ಮೂಗಿಗೆ ಹಿಡಿದು ನೋಡಿ, ಗಂಧಕದ ಹೊಗೆ ಜಾಸ್ತಿಯಾಗಿದ್ದರೆ ಮೂಗು ಚುರ್ ಅನ್ನುತ್ತದೆ. ತುಸು ಕಂದು ಬೆರೆತ ಹಸಿರು ಮಾಲು ನೋಡಲು ಅಷ್ಟು ಚಂದವಿಲ್ಲ, ತಿನ್ನಲು ಅದೇ ರುಚಿ.

ಯಾರು ಹೋಗುವುದು ಬೇಡ? ಒಂದೇ ದಿನದಲ್ಲಿ ವಿಜಯಪುರ, ಆಲಮಟ್ಟಿ, ಕೂಡಲಸಂಗಮ ಮೂರನ್ನೂ ಮುಗಿಸಲು ಟೆಂಪೋ ಮಾಡಿಕೊಂಡು ಬಂದವರು ತೊರವಿಯ ಹೆಸರನ್ನೂ ಎತ್ತಬೇಡಿ. ಗಾಲಿಕುರ್ಚಿ ಬೇಕಾದವರಿಗೂ ಸದ್ಯಕ್ಕೆ ಅನುಕೂಲವಿಲ್ಲ, ಗುಡಿಗೆ ಮೆಟ್ಟಿಲು, ಮಹಲಿನ ಕಡೆ ಏರುಪೇರು ನೆಲ. ಊರಿನಲ್ಲೇ ಹುಟ್ಟಿ ಬೆಳೆದು ಗೋಳಗುಮ್ಮಟಕ್ಕೆ ನೆಂಟರನ್ನು ಕರೆದೊಯ್ದು ಸಾಕಾಗಿರುವವರು ಮಾತ್ರ ಮುಂದಿನ ಭಾನುವಾರವೇ ಹೊರಡಿ. ಗೋಳಗುಮ್ಮಟದಂತೆ ಸಾಲು, ಟಿಕೆಟ್ಟು, ಗಲಾಟೆ ಇಲ್ಲ. ಒಂದು ಟಾರ್ಚು, ನೀರು, ದಪ್ಪ ತಳದ ಚಪ್ಪಲಿ. ಕಸಕ್ಕೆ ಒಂದು ಖಾಲಿ ಚೀಲವನ್ನೂ ಇಟ್ಟುಕೊಳ್ಳಿ, ಅಲ್ಲಿ ಡಬ್ಬಿ ಹುಡುಕಿದರೆ ಸಿಗುವುದು ಕರೇಜಿನ ಕಿಂಡಿಯೇ, ಜನ ಹಾಕುತ್ತಿರುವುದೂ ಅದರೊಳಕ್ಕೇ.